ಅಂಗೈಯಗಲದ ರಬ್ಬರು

ಬೆಂಗಳೂರಿನಿಂದ ಚೆನ್ನೈಗೆ ಬಸ್ಸಲ್ಲಿ ಬರೋರಿಗೆ ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟೈ ಸಿಗುತ್ತೆ. ಫ್ಯಾಕ್ಟರಿಗಳ ಸಾಲು, ಲಾರಿಗಳ ಸಾಲು, ಮತ್ತೇನಿಲ್ಲ. ಆದರೆ ಹೆದ್ದಾರಿಯ ಪಕ್ಕದಲ್ಲೇ 3.7 ಕಿಲೋಮೀಟರ್ ಉದ್ದದ ರೇಸ್ ಟ್ರ್ಯಾಕ್ ಒಂದಿದೆ. 1990ರಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಮದ್ರಾಸಿನವರು ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸ್ ನಡೆಸುತ್ತಿದ್ದರು. ಈಗ ಟ್ರ್ಯಾಕಿಗೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು. ಹಳಬರ ಬಾಯಲ್ಲಿ ಮಾತ್ರ ಇನ್ನೂ ಎಂಎಂಆರ್‌ಟಿ.

ಅಲ್ಲಿ ಟ್ರ್ಯಾಕ್ ಡೇ ಅಂತ ನಡೆಯುತ್ತೆ. ರೇಸಲ್ಲ. ದುಡ್ಡು ಕಟ್ಟಿ, ನಮ್ಮ ಗಾಡಿಯನ್ನೇ ತಗೊಂಡು ಹೋಗಿ, ಎದುರಿಗೆ ಲಾರಿ, ಅಡ್ಡ ಎಮ್ಮೆ ಯಾವುದರ ಭಯವೂ ಇಲ್ಲದೆ ಓಡಿಸೋದು. ಬೆಂಗಳೂರಿನ ಹುಡುಗರು ಮುನ್ನೂರು ಕಿಲೋಮೀಟರ್ ದೂರದಿಂದ, ಟೆಂಪೋದಲ್ಲಿ ಗಾಡಿ ಹೇರಿಕೊಂಡು ಬರ್ತಾರೆ. ನನಗೆ ಟೆಂಪೋ ಇಲ್ಲ. ಇರೋದು ಒಂದೇ ಗಾಡಿ, 200 ಸಿಸಿಯದು. ಭಾನುವಾರ ಟ್ರ್ಯಾಕಲ್ಲಿ ಓಡಿದ್ದೇ ಸೋಮವಾರ ಗಿಂಡಿಯ ಆಫೀಸಿಗೂ ಓಡಬೇಕು. ಬಿದ್ದರೆ? ಮಾಮೂಲಿ ವಿಮೆ ರೇಸು, ವೇಗಪರೀಕ್ಷೆಗಳಿಗೆಲ್ಲ ಅನ್ವಯಿಸೋದಿಲ್ಲ. ಗೇಟಿನಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದದ ಸಾರಾಂಶವೂ ಅದೇ: ಏನಾದರೂ ನಿನ್ನದೇ ಹೊಣೆ. ಹಾಗಾಗಿ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನೋದು ನನಗೆ ಷೋಕಿಯ ಪ್ರಶ್ನೆಯಾಗಿರಲಿಲ್ಲ.

ಹೆಚ್ಚಿನವರು ಮೊದಲು ಸೈಲೆನ್ಸರ್ ಬದಲಾಯಿಸ್ತಾರೆ. ಸದ್ದು ಬರುತ್ತೆ, ನಿಜ. ಆದರೆ ಇಡೀ ಗಾಡಿ, ಅದರ ಮೇಲೆ ಕೂತ ಮನುಷ್ಯ, ಎಲ್ಲವೂ ನೆಲಕ್ಕೆ ಅಂಟಿಕೊಂಡಿರೋದು ಅಂಗೈಯಗಲದ ಎರಡು ರಬ್ಬರಿನ ತುಣುಕುಗಳಲ್ಲಿ. ಅದಕ್ಕೆ ನಾನು ಟೈರಿಗೇ ಖರ್ಚು ಮಾಡಿದೆ.

ಟೈರು ಆರಿಸೋದಕ್ಕೆ ಚೆನ್ನೈಗಿಂತ ಒಳ್ಳೆ ಊರು ಬೇಕೇ? 1946ರಲ್ಲಿ ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಆಟದ ಬಲೂನು ಮಾಡಿಕೊಂಡಿದ್ದವರು ಆಮೇಲೆ ಎಂಆರ್‌ಎಫ್ ಆದರು; ಆ ‘ಎಂ’ ಅಂದರೆ ಮದ್ರಾಸೇ. ಮೌಂಟ್ ರೋಡಿನ ಪಕ್ಕದ ಜಿ.ಪಿ. ರೋಡಿಗೆ ಹೋದರೆ ಬೈಕಿಗೆ ಬೇಕಾದದ್ದೆಲ್ಲ ಸಾಲಾಗಿ ಸಿಗುತ್ತೆ. ಅಲ್ಲೊಂದು ಅಂಗಡಿಯಲ್ಲಿ ‘ಸಾರ್, ಇನ್ನೂ ಅಗಲದ್ದು ಹಾಕ್ಸಿ, ಗೆತ್ತಾಗಿರುತ್ತೆ’ ಅಂತ ದುಂಬಾಲು ಬಿದ್ದರು. ನನ್ನ ಹಿಂದಿನ ಚಕ್ರದ ಅಳತೆ 130. ಅದೇ ರಿಮ್ಮಿಗೆ 150 ತುರುಕಿದರೆ ಟೈರಿನ ಅಂಚುಗಳು ಒಳಕ್ಕೆ ಚಿವುಟಿಕೊಂಡು ಅದರ ದುಂಡೇ ಕೆಡುತ್ತೆ; ಗಾಡಿ ವಾಲಿಸಿದಾಗ ನೆಲಕ್ಕೆ ಕೂರಬೇಕಾದ ಹಾಗೆ ಕೂರೋದಿಲ್ಲ. ಇನ್ನು ಗೀಟಿಲ್ಲದ ನುಣುಪಾದ ರೇಸ್ ಟೈರು ನಮ್ಮಂಥವರಿಗಲ್ಲ. ಅದು ಚೆನ್ನಾಗಿ ಕಾದರೆ ಮಾತ್ರ ಹಿಡಿಯೋದು. ನಾವು ಓಡಿಸೋ ವೇಗಕ್ಕೆ ಕಾಯೋದೇ ಇಲ್ಲ. ಮಳೆಯಲ್ಲಂತೂ ಮುಟ್ಟುವಂತಿಲ್ಲ. ಮೆತ್ತನೆ ರಬ್ಬರಿನ, ರಸ್ತೆಗೂ ಆಗುವ ಟೈರೇ ಸಾಕು. ಬೇಗ ಸವೆಯುತ್ತೆ, ಆ ದಂಡ ತೆರಲೇಬೇಕು.

ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ರಬ್ಬರು ಕೂತಲ್ಲೇ ಗಟ್ಟಿಯಾಗುವ ವಸ್ತು. ಹೊಸ ಟೈರನ್ನು ಸೀದಾ ಟ್ರ್ಯಾಕಿಗೂ ಒಯ್ಯಬಾರದು, ಮೇಲ್ಮೈ ಜಾರುತ್ತೆ. ನಾನು ಎರಡು ವಾರ ಮಹಾಬಲಿಪುರದ ಕಡೆ ಮೆತ್ತಗೆ ಓಡಿಸಿ ಅದರ ಹೊಳಪು ತೆಗೆದೆ.

ಗಾಳಿಗೆ ತಮಿಳಲ್ಲಿ ‘ಕಾತ್ತು’. ನನ್ನ ತಮಿಳು ಪಾಠ ಶುರುವಾದದ್ದೇ ಪಂಕ್ಚರ್ ಅಂಗಡಿಯಲ್ಲಿ. ಹಿಂದಿನ ಚಕ್ರಕ್ಕೆ ರಸ್ತೆಯಲ್ಲಿ 32 ಹಾಕಿಸೋನು, ಟ್ರ್ಯಾಕಿನ ದಿನ ಬೆಳಿಗ್ಗೆ 28ಕ್ಕೆ ಇಳಿಸಿದೆ. ನಾಲ್ಕು ಸುತ್ತು ಹೊಡೆದು ಬರೋ ಹೊತ್ತಿಗೆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮೀಟರು 31 ತೋರಿಸ್ತು. ಪೂರ್ತಿ ಗಾಳಿ ತುಂಬಿಸಿ ಹೋಗಿದ್ದರೆ ಟೈರು ಕಲ್ಲಾಗಿರುತ್ತಿತ್ತು.

ಬ್ರೇಕ್ ಎಣ್ಣೆ ಹೊಸದಾಗಿ ಹಾಕಿಸಿದೆ. ಅದು ತೇವ ಹೀರುತ್ತೆ, ಈ ಊರಿನ ಸಮುದ್ರದ ಗಾಳಿ ಕೇಳಬೇಕೆ. ತೇವ ಸೇರಿದ ಎಣ್ಣೆ ಬೇಗ ಕುದಿಯುತ್ತೆ. ಕುದ್ದರೆ ಲಿವರ್ ಒತ್ತಿದರೂ ಗಾಡಿ ನಿಲ್ಲೋದಿಲ್ಲ. ಚೈನಿನ ಸಡಿಲ ನೋಡಿಸಿದೆ. ರೇಡಿಯೇಟರಿನ ಕೂಲೆಂಟ್ ಬಸಿದು ಬರೀ ನೀರು ತುಂಬಿಸಿದೆ. ಕೂಲೆಂಟ್ ಟ್ರ್ಯಾಕಿಗೆ ಚೆಲ್ಲಿದರೆ ಜಾರಿ ಬೀಳೋದು ಹಿಂದೆ ಬರುವವನು. ದೀಪಗಳಿಗೆ ಟೇಪು ಸುತ್ತಿ, ಕನ್ನಡಿಗಳನ್ನು ಬಿಚ್ಚಿ ಚೀಲದಲ್ಲಿಟ್ಟೆ.

ಮೈಸೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಮ್ಮನಿಗೆ ಬೇಡ ಅಂತ ಅವರೇ ಅಂದರು. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು. 1996ರಲ್ಲಿ ಅದು ಮುಚ್ಚುವ ತನಕ ಊಟದ ಹೊತ್ತಿನ ಮಾತೆಲ್ಲ ಯೆಜ್ಡಿಯದೇ. ಶೋಳವರಂ ಅನ್ನೋ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ನೋಡಿದ್ದಿಲ್ಲ ಅವರು, ಇಲ್ಲಿ ಮಾಡಿದ ಗಾಡಿ ಅಲ್ಲಿ ಓಡ್ತಂತೆ ಅನ್ನೋದೇ ಹೆಮ್ಮೆ. ಟ್ರ್ಯಾಕಿನ ಫೀಸೆಷ್ಟು ಅಂತ ಅವರು ಕೇಳಲಿಲ್ಲ. ‘ಬ್ರೇಕ್ ನೋಡಿಸಿದ್ಯಾ?’ ಅಂತ ಎರಡು ಸಲ ಕೇಳಿದರು.

ಆವತ್ತು ನನ್ನ ಗುಂಪಿನಲ್ಲಿ ಇಬ್ಬರು ಬಿದ್ದರು. ಒಬ್ಬನ ಹೆಗಲ ಮೂಳೆ ಹೋಯ್ತು. ಅವನ ಗಾಡಿಯನ್ನು ನಾಲ್ಕು ಜನ ಸೇರಿ ಟೆಂಪೋಗೆ ಹತ್ತಿಸುವಾಗ ನಾನೂ ಕೈ ಹಾಕಿದ್ದೆ. ಹಿಂದಿನ ಟೈರು ಮುಟ್ಟಿದರೆ ಹಲಗೆ ಹಾಗಿತ್ತು.

ಸಂಜೆ ನನ್ನ ಟೈರಿನ ಫೋಟೋ ಅಪ್ಪನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

‘ಅಂಚಲ್ಲಿ ಇನ್ನೂ ಎರಡು ಬೆರಳಗಲ ಸವೆದೇ ಇಲ್ವಲ್ಲೋ.’

‘ಅಷ್ಟೊಂದು ವಾಲಿಸೋಕೆ ಧೈರ್ಯ ಬರಲಿಲ್ಲಪ್ಪ.’

‘ಇರಲಿ ಬಿಡು. ಕನ್ನಡಿ ಹಾಕ್ಕೊಂಡ್ಯಾ? ಹಾಕ್ಕೊಂಡು, ಗಾಳಿ ತುಂಬಿಸ್ಕೊಂಡು ಹೊರಡು. ಕತ್ತಲಾಗ್ತಿದೆ.’