ಪರದೇಶಿ ವಾಹನ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಎಂದಿನಂತೆ ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಪುಟ ಬರೆದೊಪ್ಪಿಸುವುದೆಂದು ಎಣಿಸಿದ್ದೆ. ಆದರೆ ಕಳೆದ ಎರಡು ವರ್ಷಗಳಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಓದಿದ ಗ್ರಂಥ ಯಾವುದೆಂದು ಕೇಳಿಕೊಂಡರೆ, ಅದು ಕಾವ್ಯವಲ್ಲ, ಶಾಸ್ತ್ರವಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮ. ಪಂಡಿತನಾದವನು ಇದನ್ನು ಓದುವ ಸಂದರ್ಭ ಹೇಗೆ ಒದಗಿತೆಂಬುದನ್ನು ವಾಚಕರ ಮುಂದಿಡುತ್ತೇನೆ. ವಿಷಯ ಲೌಕಿಕವಾಯಿತೆಂದು ಹಿರಿಯರು ಬೇಸರಿಸಬಾರದು.

ನಮ್ಮ ಮೂಲ ಸ್ಥಳ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮಾತು ಕನ್ನಡ, ಓಣಿಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅಕ್ಕಲಕೋಟೆಯ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರ, ಧಾರವಾಡಗಳು ಈಚೆಗೆ ಬಂದರೂ ನಾವು ಆಚೆಯೇ ಉಳಿದೆವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ಒಪ್ಪಿಸಿದ ವರದಿಯಲ್ಲಿ ಅಕ್ಕಲಕೋಟೆಯನ್ನು ಈ ನಾಡಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು. ಆ ವರದಿ ಜಾರಿಗೆ ಬರಲಿಲ್ಲ. ನಾನು ಓದಿನ ಆಸೆಯಿಂದ ಬಾಲ್ಯದಲ್ಲಿಯೇ ಈಚೆಗೆ ಬಂದು, ಪ್ರಸಾದನಿಲಯಗಳ ಅನ್ನವುಂಡು, ವಿದ್ವತ್ ಮುಗಿಸಿ, ಪೀಣ್ಯದ ಕಾರ್ಖಾನೆಗಳ ನಡುವೆ ಇರುವ ನಮ್ಮ ಶಾಲೆಯಲ್ಲಿ ಕನ್ನಡ ಪಂಡಿತನಾಗಿ ನೆಲೆನಿಂತೆ. ನಮ್ಮ ಅಣ್ಣನವರು ಊರು ಬಿಡಲಿಲ್ಲ. ಅಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದರು. ನಿವೃತ್ತಿಯ ಹಣದಲ್ಲಿ 2018ರಲ್ಲಿ ಒಂದು ಸಣ್ಣ ಕಾರನ್ನು ಕೊಂಡರು. ಎಂಎಚ್ 13 ಎಂಬ ಸೊಲ್ಲಾಪುರದ ಸಂಖ್ಯೆ ಅದರ ಹಣೆಯ ಮೇಲೆ ಬಿತ್ತು.

ಅತ್ತಿಗೆಯವರು ತೀರಿಕೊಂಡ ತರುವಾಯ ಅಣ್ಣನವರು ಒಂಟಿಯಾದರು. ಒಬ್ಬನೇ ಮಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇಂಜಿನಿಯರ್. ಮಗಳು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಉದ್ಯೋಗಸ್ಥೆ. 2023ರ ಸಂಕ್ರಾಂತಿಯ ಮರುದಿನ ಅವರು ಬಟ್ಟೆಯ ಗಂಟು, ಜೋಳದ ಚೀಲ, ಶೇಂಗಾ ಹಿಂಡಿಯ ಡಬ್ಬಿಗಳನ್ನು ಕಾರಿನಲ್ಲಿ ತುಂಬಿಕೊಂಡು, ವಿಜಯಪುರ, ಹೊಸಪೇಟೆ, ಚಿತ್ರದುರ್ಗಗಳನ್ನು ದಾಟಿ, ತುಮಕೂರು ರಸ್ತೆಯಿಂದ ನೇರವಾಗಿ ನಮ್ಮ ಮನೆಯ ಮುಂದೆ ಬಂದು ನಿಂತರು. ಎರಡು ತಿಂಗಳು ಇದ್ದು ಹೋಗುವುದಾಗಿ ಹೇಳಿದರು. ಮೊಣಕಾಲಿನ ಚಿಕಿತ್ಸೆ ಹಿಡಿಯಿತು, ಮಗಳ ಬಾಣಂತನ ಬಂದಿತು. ಎರಡು ತಿಂಗಳು ಹತ್ತಾಯಿತು.

ಆ ಕಾರು ಬೀದಿಯಲ್ಲಿ ನಿಂತ ದಿನದಿಂದ ನನಗೊಂದು ಹೊಸ ಅನುಭವವಾಗತೊಡಗಿತು. ವೈಟ್‌ಫೀಲ್ಡಿನ ಕಡೆ ಹೋದರೆ ಒಂದು ಸಿಗ್ನಲ್ಲಿನಲ್ಲಿ ನಾಲ್ಕು ರಾಜ್ಯಗಳ ಸಂಖ್ಯೆಗಳು ಕಾಣಸಿಗುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಹೆದ್ದಾರಿಯಲ್ಲಂತೂ ಹೊಸೂರಿನ ಟಿಎನ್ 70 ಸಂಖ್ಯೆಯ ವಾಹನಗಳು ಪ್ರತಿನಿತ್ಯ ಬೆಳಿಗ್ಗೆ ಬಂದು ಸಂಜೆ ಮರಳುತ್ತವೆ. ಅಲ್ಲಿ ಯಾರೂ ಯಾರನ್ನೂ ನೋಡರು. ಆದರೆ ನಮ್ಮ ಬೀದಿಯಲ್ಲಿ ಹಾಗಲ್ಲ. ಎದುರು ಮನೆಯ ಯುವಕನೊಬ್ಬ ಅಣ್ಣನವರನ್ನು ಕಂಡು ಹಿಂದಿಯಲ್ಲಿ ಕುಶಲ ವಿಚಾರಿಸಿದ. ಅಣ್ಣನವರು ಅಚ್ಚ ಕನ್ನಡದಲ್ಲಿ ಉತ್ತರಿಸಿದಾಗ ಅವನು, "ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀರಿ, ಸಾರ್" ಎಂದು ಮೆಚ್ಚುಗೆ ಸೂಚಿಸಿದ. ಮೂರು ದಶಕ ಗಡಿಯಲ್ಲಿ ಕನ್ನಡ ಕಲಿಸಿದ ಮುದುಕರು ಆ ದಿನ ಊಟದ ಹೊತ್ತಿಗೆ ಮಾತಾಡಲಿಲ್ಲ. ರಾತ್ರಿ ಮಲಗುವಾಗ ಮಾತ್ರ, "ಅಲ್ಲಿ ನಾವು ಕಾನಡೀ ಮಂದಿ, ಇಲ್ಲಿ ಮರಾಠೀ ಮಂದಿ. ಎರಡೂ ಕಡೆ ಪರದೇಶಿ ಆದ್ವಿ ನೋಡಪಾ ತಮ್ಮಾ" ಎಂದರು.

ಪರದೇಶಿ ಎಂಬ ಶಬ್ದದ ಗತಿಯನ್ನು ಗಮನಿಸಬೇಕು. ಮೂಲದಲ್ಲಿ ಅನ್ಯದೇಶದವನು ಎಂಬಷ್ಟೇ ಅರ್ಥ. ನಮ್ಮ ಜನ ಅದನ್ನು ದಿಕ್ಕಿಲ್ಲದವನು, ಅನಾಥ ಎಂಬ ಅರ್ಥಕ್ಕೆ ಎಳೆದರು. ಊರು ಬಿಟ್ಟವನಿಗೆ ಹೇಳುವವರು ಕೇಳುವವರು ಇಲ್ಲವೆಂಬ ಅನುಭವವೇ ಆ ಅರ್ಥವನ್ನು ತಂದಿರಬೇಕು. ವಾಹನಕ್ಕೂ ಅದೇ ಗತಿಯೋ ಏನೋ ಎಂಬ ಶಂಕೆ ನನಗುಂಟಾದುದು, ಅಕ್ಟೋಬರ್ ತಿಂಗಳಲ್ಲಿ ರಸ್ತೆಯ ತಪಾಸಣೆಯೊಂದರಲ್ಲಿ ನಮ್ಮನ್ನು ನಿಲ್ಲಿಸಿದಾಗ. ಅಧಿಕಾರಿ ಸಭ್ಯರು. ವಾಹನ ಈ ರಾಜ್ಯಕ್ಕೆ ಬಂದುದು ಯಾವಾಗ ಎಂದು ಕೇಳಿದರು. ಮೊಬೈಲಿನಲ್ಲಿ ಫಾಸ್ಟ್ಯಾಗಿನ ಲೆಕ್ಕವಿತ್ತು. ಯಾವ ದಿನ ಯಾವ ಸುಂಕದ ಕಟ್ಟೆಯನ್ನು ದಾಟಿದೆವೆಂಬುದನ್ನು ಚಿತ್ರಗುಪ್ತನಂತೆ ಅದು ಬರೆದಿಟ್ಟಿತ್ತು. ನೋಡಿದವರೇ, "ಇನ್ನು ಮೂರು ತಿಂಗಳಿದೆ, ಯಜಮಾನರೇ. ಆಮೇಲೆ ಇಲ್ಲಿಯ ನಂಬರ್ ಮಾಡಿಸಿಕೊಳ್ಳಿ" ಎಂದು ಬಿಟ್ಟುಕೊಟ್ಟರು.

ಅಂದಿನ ಸಂಜೆಯೇ ನಾನು ಅಧಿನಿಯಮವನ್ನು ತೆರೆದೆ. ನಲವತ್ತಾರನೆಯ ಕಲಮು ಅಭಯ ನೀಡುತ್ತದೆ: ಒಂದು ರಾಜ್ಯದಲ್ಲಿ ನೋಂದಾಯಿತವಾದ ವಾಹನವನ್ನು ಮತ್ತೊಂದೆಡೆ ನೋಂದಾಯಿಸಬೇಕಾಗಿಲ್ಲ, ಆ ನೋಂದಣಿ ಭಾರತದಾದ್ಯಂತ ಸಿಂಧು. ನಲವತ್ತೇಳನೆಯದು ಅದಕ್ಕೆ ಎಲ್ಲೆ ಕಟ್ಟುತ್ತದೆ: ವಾಹನವನ್ನು ಮತ್ತೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇರಿಸಿಕೊಂಡಿದ್ದರೆ, ಒಡೆಯನು ಅಲ್ಲಿಯ ಹೊಸ ಗುರುತಿಗಾಗಿ ಅರ್ಜಿ ಹಾಕಬೇಕು. ಹಾಗೆ ಅರ್ಜಿ ಹಾಕಲು ನಿಯಮಗಳು ಮೂವತ್ತು ದಿನಗಳ ಅವಕಾಶ ಕೊಡುತ್ತವೆ. ಓಡಿಸುವವನ ಲೈಸೆನ್ಸಿಗೂ ವಿಮೆಗೂ ಈ ಎಲ್ಲೆಗಳಿಲ್ಲ. ಅವು ದೇಶವೆಲ್ಲಕ್ಕೂ ಸಲ್ಲುತ್ತವೆ.

ಇದೇ ಹನ್ನೆರಡು ತಿಂಗಳ ಮೇಲೆ ಈ ರಾಜ್ಯದಲ್ಲಿ ದೊಡ್ಡ ವ್ಯಾಜ್ಯವೂ ನಡೆದಿತ್ತು. 2014ರ ತಿದ್ದುಪಡಿಯೊಂದು, ಹೊರರಾಜ್ಯದ ವಾಹನ ಮೂವತ್ತು ದಿನಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು ವಿಧಿಸಿತು. ಕೆಲಸ ಅರಸಿ ಬಂದ ತರುಣರು ಕಂಗಾಲಾದರು. 2016ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಕೇಂದ್ರದ ಕಾಯಿದೆ ಹನ್ನೆರಡು ತಿಂಗಳ ಅವಕಾಶ ಕೊಟ್ಟಿರುವಾಗ ಮೂವತ್ತು ದಿನಗಳ ನಿಬಂಧನೆ ನಿಲ್ಲದೆಂದು ಅದನ್ನು ರದ್ದುಪಡಿಸಿತು. ಊರೂರು ವರ್ಗವಾಗುವವರ ಪಾಡನ್ನು ಕಂಡು ಕೇಂದ್ರ ಸರಕಾರವು 2021ರಲ್ಲಿ ಬಿಎಚ್ ಎಂಬ ಭಾರತ ಶ್ರೇಣಿಯ ಸಂಖ್ಯೆಯನ್ನು ತಂದಿತು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿ ಯಾವ ರಾಜ್ಯದಲ್ಲಾದರೂ ಇರಬಹುದು. ಆದರೆ ಅದು ಸರಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ರಾಜ್ಯಗಳಲ್ಲಾದರೂ ಕಚೇರಿಯುಳ್ಳ ಕಂಪನಿಗಳ ನೌಕರರಿಗೆ. ಖಾಸಗಿ ಶಾಲೆಯ ನಿವೃತ್ತ ಮಾಸ್ತರರನ್ನು ಯಾರೂ ನೆನೆಯಲಿಲ್ಲ.

ಅಣ್ಣನವರಿಗೆ ಈ ಕಲಮುಗಳನ್ನು ಓದಿ ಹೇಳಿದೆ. ಅವರು ತಲೆಯಲ್ಲಾಡಿಸಿ, "ನಂಬರ್ ಬದಲೀ ಮಾಡೂದಿಲ್ಲ" ಎಂದುಬಿಟ್ಟರು. ತೆರಿಗೆ ಒಂದು ಕಾರಣವೇ. ಕರ್ನಾಟಕದ ಆಜೀವ ತೆರಿಗೆ ವಾಹನದ ಬೆಲೆಯ ಮೇಲೆ ಶೇಕಡಾ 13ರಿಂದ 18ರವರೆಗೆ ಏರುತ್ತದೆ, ಅದರ ಮೇಲೆ ಉಪಕರ ಬೇರೆ. ಹಳೆಯ ವಾಹನಕ್ಕೆ ವಯಸ್ಸಿಗೆ ತಕ್ಕಂತೆ ರಿಯಾಯಿತಿಯುಂಟು. ಎಲ್ಲ ಕಳೆದು ಲೆಕ್ಕ ಹಾಕಿದರೂ ಅರವತ್ತು ಸಾವಿರ ಮೀರಿತು. ಮಹಾರಾಷ್ಟ್ರದಲ್ಲಿ ಒಮ್ಮೆ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಅಲ್ಲಿಂದ ಕೇಳಿ ಪಡೆಯಬಹುದು. ಆದರೆ ಮೊದಲು ಇಲ್ಲಿ ಕಟ್ಟಿ, ಆಮೇಲೆ ಅಲ್ಲಿ ಕೈಚಾಚಬೇಕು. ಅದಕ್ಕಿಂತ ಆಳದ ಕಾರಣ ಮತ್ತೊಂದಿತ್ತೆಂದು ನನಗೆ ಗೊತ್ತು. ಅತ್ತಿಗೆಯವರು ಆ ಕಾರಿಗೆ ಕುಂಬಳಕಾಯಿ ಒಡೆದು, ಆ ಫಲಕಕ್ಕೆ ಕುಂಕುಮ ಹಚ್ಚಿದ್ದರು.

ಈ ನಡುವೆ ಮಧ್ಯವರ್ತಿಯೊಬ್ಬ ಮನೆಗೆ ಬಂದ. ಅವನ ಉಪಾಯ ಸರಳವಾಗಿತ್ತು. "ಹನ್ನೊಂದು ತಿಂಗಳಿಗೊಮ್ಮೆ ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಒಂದು ಕಾಫಿ ಕುಡಿದು ಬನ್ನಿ. ಟೋಲ್ ಚೀಟಿ ಇಟ್ಟುಕೊಳ್ಳಿ. ಲೆಕ್ಕ ಹೊಸದಾಗಿ ಶುರುವಾಗುತ್ತೆ. ಹೋಗಲಾಗದಿದ್ದರೆ ಚೀಟಿ ನಾನೇ ತಂದುಕೊಡ್ತೀನಿ." ಕೊನೆಯ ಮಾತನ್ನು ಕೇಳಿ ನಾವಿಬ್ಬರೂ ಮುಖ ನೋಡಿಕೊಂಡೆವು. ಸುಳ್ಳು ಚೀಟಿಯ ಮಾತನ್ನು ಅಣ್ಣನವರು ಅಲ್ಲಿಯೇ ತಳ್ಳಿಹಾಕಿದರು. ಆದರೆ ಹೊಸೂರಿನ ಕಾಫಿ ಅವರ ಮನಸ್ಸಿನಲ್ಲಿ ಉಳಿಯಿತು. ನಿಜ ಹೇಳುವುದಾದರೆ, ನನ್ನ ಮನಸ್ಸಿನಲ್ಲಿಯೂ ಉಳಿಯಿತು. ಅರವತ್ತು ಸಾವಿರವೆಂಬುದು ನಮ್ಮಂಥವರಿಗೆ ಹಗುರವಾದ ಮೊತ್ತವಲ್ಲ. ನಿಜವಾಗಿಯೇ ಗಡಿ ದಾಟಿ ಬಂದರೆ ಸುಳ್ಳೆಲ್ಲಿದೆ ಎಂದು ಅಣ್ಣನವರು ಕೇಳಿದಾಗ, ತರ್ಕದಲ್ಲಿ ನನಗೆ ತಟ್ಟನೆ ಉತ್ತರ ತೋಚಲಿಲ್ಲ.

ಎರಡು ರಾತ್ರಿ ಆ 'ಇರಿಸು' ಎಂಬ ಧಾತುವನ್ನೇ ಚಿಂತಿಸಿದೆ. ಇರು ಎಂಬುದು ಅಕರ್ಮಕ. ಇರಿಸು ಎಂಬುದು ಅದರ ಪ್ರೇರಣಾರ್ಥಕ ರೂಪ. ಕಾನೂನು ವಾಹನ ಎಲ್ಲಿ ಇತ್ತೆಂದು ಕೇಳುತ್ತಿಲ್ಲ, ಒಡೆಯನು ಎಲ್ಲಿ ಇರಿಸಿದನೆಂದು ಕೇಳುತ್ತಿದೆ. ಹಸುವನ್ನು ನೆರೆಮನೆಯ ಕೊಟ್ಟಿಗೆಯಲ್ಲಿ ವರ್ಷವಿಡೀ ಕಟ್ಟಿ, ಒಂದು ದಿನ ಆಚೆಯ ಹೊಲದಲ್ಲಿ ಮೇಯಿಸಿ ತಂದರೆ ಕೊಟ್ಟಿಗೆ ಬದಲಾಯಿತೇ? ನ್ಯಾಯಾಲಯ ಇದನ್ನು ಹೇಗೆ ನಿರ್ಣಯಿಸೀತೆಂದು ಹೇಳಲು ನಾನು ವಕೀಲನಲ್ಲ. ಶಬ್ದದ ತಾತ್ಪರ್ಯ ಮಾತ್ರ ನನಗೆ ಹಾಗೆ ಕಂಡಿತು.

ಆ ಭಾನುವಾರ ಸ್ಟುಟ್‌ಗಾರ್ಟಿನಿಂದ ಮಗನ ಕರೆ ಬಂದಾಗ ಮಾತು ಇಲ್ಲಿಗೇ ಬಂದಿತು. ಅವನ ಪಾಡು ಇನ್ನೂ ಬಿಗಿಯಾಗಿತ್ತು. ಅಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸು, ಅದರ ಅನುವಾದದೊಡನೆ, ಸಲ್ಲುತ್ತದೆ. ಆ ಮೇಲೆ ಲಿಖಿತ ಪರೀಕ್ಷೆಯನ್ನೂ ಓಡಿಸುವ ಪರೀಕ್ಷೆಯನ್ನೂ ಹೊಸದಾಗಿ ಕೊಡಬೇಕು. ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಊರಿನ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿ ಬೆಳೆದವನು ಮೊದಲ ಸಲ ಅನುತ್ತೀರ್ಣನಾದನಂತೆ. ಪರದೇಶದ ಕಾರನ್ನು ಅಲ್ಲಿ ಓಡಿಸಬಹುದೇ ಎಂದು ಕೇಳಿದೆ. ತಾತ್ಕಾಲಿಕವಾಗಿ ಒಂದು ವರ್ಷದವರೆಗೆ ಓಡಿಸಬಹುದು, ಆದರೆ ವಾಹನದ ನಿತ್ಯದ ನೆಲೆ ಜರ್ಮನಿಯಲ್ಲಿಯೇ ಆಯಿತೆಂದರೆ ಆ ವರ್ಷವೂ ಸಿಗದೆಂದ. ನಿತ್ಯದ ನೆಲೆ! ನಾನು ಎರಡು ರಾತ್ರಿ ಹುಡುಕಿದ ಮಾತು ಅದೇ ಆಗಿತ್ತು. ಪರದೇಶದಿಂದ ಇಲ್ಲಿಗೆ ಬರುವ ಖಾಸಗಿ ವಾಹನಗಳಿಗೂ 2022ರಲ್ಲಿ ನಮ್ಮ ಸರಕಾರ ನಿಯಮ ಮಾಡಿದೆ: ನೋಂದಣಿ ಪತ್ರ, ಲೈಸೆನ್ಸು, ವಿಮೆ, ಹೊಗೆ ತಪಾಸಣೆಯ ಪತ್ರಗಳು ಜೊತೆಯಲ್ಲಿರಬೇಕು, ಬೇರೆ ಭಾಷೆಯಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು, ಇಲ್ಲಿಯ ಬಾಡಿಗೆ ಜನರನ್ನಾಗಲಿ ಸರಕನ್ನಾಗಲಿ ಸಾಗಿಸಕೂಡದು.

ಅಣ್ಣನವರು ಮಗನ ಮಾತನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗಾ ಅಲ್ಲಿ ಪರೀಕ್ಷಾ ಬರೀಲಿಕ್ಕ ಹತ್ಯಾನ. ಅಪ್ಪಾ ಇಲ್ಲಿ ಹೊಸೂರಿಗೆ ಕಾಫಿ ಕುಡೀಲಿಕ್ಕ ಹೋದರ ಅಂವಗ ಏನ್ ಹೇಳೂದು?" ಎಂದರು. ಮರುದಿನವೇ ಸೊಲ್ಲಾಪುರಕ್ಕೆ ಹೊರಟೆವು.

ಅಲ್ಲಿ ನಿರಾಕ್ಷೇಪಣಾ ಪತ್ರಕ್ಕಾಗಿ ಇಪ್ಪತ್ತೆಂಟನೆಯ ನಮೂನೆ, ಇಲ್ಲಿ ಹೊಸ ಗುರುತಿಗಾಗಿ ಇಪ್ಪತ್ತೇಳನೆಯ ನಮೂನೆ. ವಾಹನ ಕಳವಿನದಲ್ಲ, ದಂಡ ಬಾಕಿಯಿಲ್ಲ, ಸಾಲವಿಲ್ಲ ಎಂದು ತೋರಿಸಬೇಕು. ಕಾಯಿದೆಯಲ್ಲಿ ಒಂದು ಸ್ವಾರಸ್ಯವಿದೆ: ಅರ್ಜಿ ಕೊಟ್ಟ ಮೂವತ್ತು ದಿನಗಳೊಳಗೆ ಅಧಿಕಾರಿ ನಿರಾಕರಿಸದೆ ಹೋದರೆ, ಪತ್ರ ಕೊಟ್ಟಂತೆಯೇ ಭಾವಿಸತಕ್ಕದ್ದು. ಮೌನಂ ಸಮ್ಮತಿಲಕ್ಷಣಂ ಎಂಬುದನ್ನು ಶಾಸನಕಾರರು ಅಕ್ಷರಶಃ ಬರೆದಿಟ್ಟಿದ್ದಾರೆ! ನಮಗೆ ಅಷ್ಟು ಕಾಯುವ ಪ್ರಸಂಗ ಬರಲಿಲ್ಲ. ವಿಮೆಯವರಿಗೂ ತಿಳಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಸೊಲ್ಲಾಪುರ ಬೇರೆ ವಲಯ, ಬೆಂಗಳೂರು ಬೇರೆ ವಲಯವಾದ್ದರಿಂದ ಕಂತಿನಲ್ಲಿಯೂ ಸ್ವಲ್ಪ ಭೇದವಾಗುತ್ತದೆ. ಹಣಕ್ಕಾಗಿ ಅಣ್ಣನವರು ಅಂಚೆಯ ಉಳಿತಾಯವನ್ನು ಮುರಿದರು. ನಾನು ಹದಿನೈದು ಸಾವಿರ ಸೇರಿಸಿದೆ. ಅದನ್ನು ಅವರು ಸಾಲವೆಂದೇ ವಹಿಯಲ್ಲಿ ಬರೆದುಕೊಂಡಿದ್ದಾರೆ.

2024ರ ಫೆಬ್ರುವರಿಯಲ್ಲಿ ಕೆಎ ಎಂಬ ಎರಡಕ್ಷರದ ಫಲಕ ಬಂದಿತು. ಹಳೆಯದನ್ನು ಅಣ್ಣನವರು ತಾವೇ ತಿರುಪು ಬಿಚ್ಚಿ ತೆಗೆದರು. ಹುಡುಗನೊಬ್ಬ ಕೈಹಾಕಲು ಬಂದಾಗ ತಡೆದರು. ಅದರ ಅಂಚಿನಲ್ಲಿ ಕುಂಕುಮದ ಕಲೆ ಇನ್ನೂ ಇತ್ತು. ಅದನ್ನು ಒರೆಸದೆ, ಬಿಳಿಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಆಗ ಅವರು ಒಂದು ಮಾತು ಹೇಳಿದರು: "ಮಹಾಜನ ಸಾಹೇಬರು ಕೊಟ್ಟದ್ದು ನಮಗ ಸಿಗಲಿಲ್ಲ. ನಾವ ರೊಕ್ಕಾ ಕೊಟ್ಟು ತಗೊಂಡ್ವಿ ನೋಡು."

ಮರುವರ್ಷ ಜಾತ್ರೆಗೆಂದು ಅದೇ ಕಾರಿನಲ್ಲಿ ಊರಿಗೆ ಹೋದೆವು. ಕಟ್ಟೆಯ ಬಳಿ ಆಡುತ್ತಿದ್ದ ಹುಡುಗರು ಸುತ್ತುವರಿದು, "ಬೆಂಗಳೂರ ಗಾಡಿ, ಬೆಂಗಳೂರ ಗಾಡಿ" ಎಂದು ಕೂಗಿದರು. ಅವರಲ್ಲೊಬ್ಬ ಅಣ್ಣನವರ ಶಿಷ್ಯನ ಮಗ. ಅಣ್ಣನವರಿಗೆ ಊರಿನ ಗಾಳಿ ಹಿತವಾಯಿತು. ಮನೆಯ ಸುಣ್ಣ ಸಾರಣೆ ಮಾಡಿಸಿದರು, ಹಿತ್ತಿಲಿನ ಬಾವಿಯ ಹೂಳೆತ್ತಿಸಿದರು, ಕೆಲವು ತಿಂಗಳು ಅಲ್ಲಿಯೇ ಇರುತ್ತೇನೆಂದರು. ನಾನು ರೈಲಿನಲ್ಲಿ ಒಬ್ಬನೇ ಮರಳುವ ದಿನ, ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಹಾಳೆಯಲ್ಲಿ ಅವರು ಒಂದು ದಿನಕ್ಕೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಏನೆಂದು ಕೇಳಿದೆ.

"ಗಾಡಿ ಗಡಿ ದಾಟಿದ ದಿನಾ. ಇಲ್ಲಿಂದ ಹನ್ನೆರಡು ತಿಂಗಳಾ" ಎಂದರು.