ಮೊದಲ ಮೂರರೊಳಗೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ‘ಎ ಒನ್’ ಅಂಗಡಿ ಸಿಗುತ್ತಿತ್ತು. ಎ ಒನ್ ಟೈಲರ್ಸ್, ಎ ಒನ್ ಬ್ಯಾಟರಿ, ಎ ಒನ್ ರೆಫ್ರಿಜರೇಷನ್. ಮಾಲು ಮೊದಲ ದರ್ಜೆಯದು ಎಂದು ಸಾರುವುದಕ್ಕೆ ಹಾಗೆ ಹೆಸರಿಟ್ಟವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಯೆಲ್ಲೋ ಪೇಜಸ್ ಪುಸ್ತಕಕ್ಕೆ ಜಾಹೀರಾತು ಕೇಳಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದ ನಮ್ಮಂಥವರಿಗೆ ಇನ್ನೊಂದು ಕಾರಣವೂ ಗೊತ್ತಿತ್ತು. ಪುಸ್ತಕದಲ್ಲಿ ಒಂದೊಂದು ಕಸುಬಿನ ಕೆಳಗೆ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತಿದ್ದವು. ಮನೆದೇವರು ವೆಂಕಟೇಶ್ವರ ಎಂದು ಭಕ್ತಿಯಿಂದ ಬೋರ್ಡು ಬರೆಸಿದವನು ಪಟ್ಟಿಯ ಬುಡದಲ್ಲಿ, ಎ ಒನ್ ಎಂದವನು ನೆತ್ತಿಯಲ್ಲಿ. ಕೆಲವರು ಅದನ್ನೂ ಮೀರಿಸಿ ಹೆಸರಿನ ಮುಂದೆ ಸುಮ್ಮನೆ ಎರಡು ‘ಎ’ ಸೇರಿಸುತ್ತಿದ್ದರು. ನಾವೂ ಬೇಡವೆನ್ನುತ್ತಿರಲಿಲ್ಲ, ನಮಗೆ ಕಮಿಷನ್ ಬಂದರೆ ಸಾಕಿತ್ತು.

ಆ ಪುಸ್ತಕದ ಲೆಕ್ಕಾಚಾರ ಸರಳ. ಒಂದು ಸಾಲು ಪುಕ್ಕಟೆ. ಅದೇ ಸಾಲು ದಪ್ಪಕ್ಷರದಲ್ಲಿ ಬೇಕಿದ್ದರೆ ಕಾಸು. ಸುತ್ತ ಚೌಕ ಬೇಕಿದ್ದರೆ ಇನ್ನಷ್ಟು. ಅರ್ಧ ಪುಟ ತೆಗೆದುಕೊಂಡವನಿಗೆ ನಮ್ಮ ಮ್ಯಾನೇಜರೇ ಖುದ್ದಾಗಿ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಯಾರ ಕೆಲಸ ಚೆನ್ನಾಗಿದೆ, ಯಾರು ಗಿರಾಕಿಗೆ ಟೋಪಿ ಹಾಕುತ್ತಾರೆ ಎಂಬುದು ಆ ಪುಟದ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಯಾರ ಹತ್ತಿರ ದುಡ್ಡಿದೆ ಎನ್ನುವುದು ಮಾತ್ರ. ಹಿಂದಿನ ಕಾಲದಲ್ಲಿ ವ್ಯಾಪಾರ ಪ್ರಾಮಾಣಿಕವಾಗಿತ್ತು, ಬಾಯಿಮಾತಿನಲ್ಲೇ ನಡೆಯುತ್ತಿತ್ತು ಎಂದು ಈಗ ಯಾರಾದರೂ ಶುರು ಮಾಡಿದರೆ ನನಗೆ ಆ ಅರ್ಧ ಪುಟಗಳು ಕಣ್ಣ ಮುಂದೆ ಬರುತ್ತವೆ.

ಇನ್ನು ತಪ್ಪಾದರೆ ಒಂದು ವರ್ಷ ಸುಮ್ಮನಿರಬೇಕು. ಬಸವನಗುಡಿ ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯ ನಂಬರಿನ ಕೊನೆಯ ಎರಡಂಕಿ ಅಚ್ಚಿನಲ್ಲಿ ಹಿಂದುಮುಂದಾಯಿತು. ಕರೆಗಳೆಲ್ಲ ಎರಡು ಬೀದಿ ಆಚೆ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗತೊಡಗಿದವು. ಪಂಪು ಕೆಟ್ಟಿದೆ, ಯಾವಾಗ ಬರ್ತೀರಿ ಅಂತ ಬೆಳಗಿನ ಆರಕ್ಕೇ ಫೋನು. ಮೇಷ್ಟ್ರು ಮೊದಮೊದಲು ರೇಗಿದರು, ಆಮೇಲೆ ಬಂದ ವಿಳಾಸಗಳನ್ನು ಚೀಟಿಯಲ್ಲಿ ಬರೆದಿಟ್ಟು ಸಂಜೆ ವಾಕಿಂಗಿಗೆ ಹೊರಟಾಗ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಪ್ರಕಾಶಕರ ಕಡೆಯಿಂದ ಬಂದದ್ದು ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ ಎಂಬ ಒಂದು ಕಾಗದ.

ಹಾಗೆ ನೋಡಿದರೆ ಪುಸ್ತಕಕ್ಕೆ ಸೇರಲು ಫೋನಾದರೂ ಇರಬೇಕಿತ್ತಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಎಷ್ಟೋ ಮಂದಿ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂದಿರುತ್ತಿತ್ತು. ಅಂದರೆ ಪಕ್ಕದ ಮೆಡಿಕಲ್ ಸ್ಟೋರಿನ ಫೋನು, ಅವರು ಕೂಗಿ ಕರೆಯುತ್ತಾರೆ. ಮೆಡಿಕಲ್ ಸ್ಟೋರಿನವನ ಜತೆ ಜಗಳವಾದರೆ ವ್ಯಾಪಾರವೂ ಕೆಟ್ಟಿತು.

ಫೋನೂ ಪುಸ್ತಕವೂ ಬೇಡದ ಜಾಗ ಪೇಟೆ ಒಂದೇ. ಸೀರೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ಸಂಗೀತದ ವಾದ್ಯಕ್ಕೆ ಬಳೇಪೇಟೆ, ಗಾಡಿಯ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಎಲೆಕ್ಟ್ರಾನಿಕ್ಸ್‌ಗೆ ಎಸ್.ಪಿ. ರಸ್ತೆ. ಅಲ್ಲಿ ಆರಡಿ ಅಗಲದ ಮಳಿಗೆ ಸಿಕ್ಕಿದರೂ ಗಿರಾಕಿ ತಾನಾಗಿ ಬರುತ್ತಿದ್ದ. ಸಿಗದವರು ಹನುಮಂತನಗರದ ಯಾವುದೋ ಅಡ್ಡರಸ್ತೆಯಲ್ಲಿ ಕೂತು ಆ ಬೀದಿಯವರನ್ನಷ್ಟೇ ನಂಬಿಕೊಂಡು ಬಾಳಬೇಕಾಗಿತ್ತು. ಮುಂದೆ ಬಂದ ಬದಲಾವಣೆಯ ನಿಜವಾದ ಲಾಭ ಆದದ್ದು ಈ ಅಡ್ಡರಸ್ತೆಯವರಿಗೆ.

ನಡುವಿನ ಕಾಲವನ್ನು ಬೇಗ ದಾಟುತ್ತೇನೆ. ವಿ.ಎಸ್.ಎಸ್. ಮಣಿ ಮುಂಬೈಯಲ್ಲಿ 1996ರಲ್ಲಿ ಶುರುಮಾಡಿದ ಜಸ್ಟ್ ಡಯಲ್ ಬೆಂಗಳೂರಿಗೂ ಬಂತು. ಪುಟ ತಿರುವುವ ಬದಲು ಫೋನಿನಲ್ಲಿ ಒಬ್ಬ ಹುಡುಗಿಯನ್ನು ಕೇಳಿದರೆ ನಾಲ್ಕು ಅಂಗಡಿಯ ಹೆಸರು ಹೇಳುತ್ತಿದ್ದಳು. ಅಷ್ಟರಲ್ಲಿ ಬಿಎಸ್‌ಎನ್‌ಎಲ್ ನಂಬರುಗಳ ಮುಂದೆ 2 ಸೇರಿ ಏಳಂಕಿಯವು ಎಂಟಂಕಿಯಾದವು. ಬೋರ್ಡಿನಲ್ಲಿ ಹಳೆಯದು, ಬಿಲ್ ಪುಸ್ತಕದಲ್ಲಿ ಹೊಸದು, ಎಲ್ಲೋ ಇಂಟರ್ನೆಟ್ಟಿನಲ್ಲಿ ಮತ್ತೊಂದು. ಒಂದೇ ಅಂಗಡಿಗೆ ಮೂರು ನಂಬರು ಇರುವ ಈ ಅವ್ಯವಸ್ಥೆಯನ್ನು ಇವತ್ತಿಗೂ ನಾನು ತೊಳೆಯುತ್ತಿದ್ದೇನೆ ಎಂದರೆ ನಂಬುವುದು ಕಷ್ಟ.

ಗೂಗಲ್ ಮ್ಯಾಪ್ 2005ರಲ್ಲಿ ಬಂದರೂ ನಮ್ಮ ಅಡ್ಡರಸ್ತೆಗಳು ಅದರಲ್ಲಿ ಇರಲಿಲ್ಲ. 2008ರಲ್ಲಿ ಮ್ಯಾಪ್ ಮೇಕರ್ ಬಂದ ಮೇಲೆ ಊರಿನ ಹುಡುಗರೇ ಕೂತು ರಸ್ತೆ ಗೆರೆ ಎಳೆದು, ದೇವಸ್ಥಾನ, ಬೇಕರಿ, ಹಾಲಿನ ಬೂತು ಗುರುತಿಸಿದರು. ಹಾಗಾಗಿ ಬೆಂಗಳೂರಿನ ಎಷ್ಟೋ ಅಂಗಡಿಗಳು ಯಜಮಾನರಿಗೆ ಗೊತ್ತೇ ಆಗದಂತೆ ನಕ್ಷೆ ಹತ್ತಿದವು. ಸ್ಟ್ರೀಟ್ ವ್ಯೂ ಕಾರು 2011ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಫೋಟೊ ತೆಗೆಯಲು ಶುರುಮಾಡಿ, ಪೊಲೀಸರ ಆಕ್ಷೇಪಣೆಯಿಂದ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಮತ್ತೆ ಬಂದದ್ದು 2022ರಲ್ಲಿ. ವ್ಯಾಪಾರಿಗಳ ಪುಟಕ್ಕಂತೂ ಹೆಸರು ಬದಲಾಗುತ್ತಲೇ ಹೋಯಿತು: 2010ರಲ್ಲಿ ಪ್ಲೇಸಸ್, 2014ರಲ್ಲಿ ಮೈ ಬಿಸಿನೆಸ್, 2021ರಲ್ಲಿ ಬಿಸಿನೆಸ್ ಪ್ರೊಫೈಲ್. ಅಂಗಡಿಯವರು ಯಾವುದನ್ನೂ ನೆನಪಿಟ್ಟುಕೊಳ್ಳಲಿಲ್ಲ. ಅವರಿಗೆ ಅದು ‘ಗೂಗಲ್‌ನಲ್ಲಿ ಹಾಕ್ಸೋದು’, ಅಷ್ಟೆ.

ಹಾಕಿಸುವುದು ಎಂದರೆ ಆಗ ಅಂಚೆ ಕಾರ್ಡು. ವಿಳಾಸ ನಿಜವೋ ಸುಳ್ಳೋ ಎಂದು ತಿಳಿಯಲು ಗೂಗಲ್ ಒಂದು ಕಾರ್ಡಿನಲ್ಲಿ ಗುಪ್ತಸಂಖ್ಯೆ ಕಳಿಸುತ್ತಿತ್ತು. ನಮ್ಮ ವಿಳಾಸಗಳೋ, ‘ಹಳೇ ನಂ. 14, ಹೊಸ ನಂ. 37, ಗಣೇಶನ ಗುಡಿ ಹಿಂಭಾಗ’ ಎನ್ನುವ ಧಾಟಿಯವು. ಕಾರ್ಡು ಮೇಲಿನ ಮಹಡಿಯ ಟ್ಯೂಷನ್ ಕ್ಲಾಸಿಗೆ ಹೋಗಿ, ಅಲ್ಲಿನ ಹುಡುಗರು ಅದರ ಹಿಂದೆ ಲೆಕ್ಕ ಮಾಡಿ, ಯಾರೋ ಕಸದ ಬುಟ್ಟಿಗೆ ಹಾಕಿರುತ್ತಿದ್ದರು. ಈಗ ಬಹುಪಾಲು ವೀಡಿಯೊ ಕೇಳುತ್ತಾರೆ. ರಸ್ತೆ ತೋರಿಸು, ಬೋರ್ಡು ತೋರಿಸು, ಬೀಗ ತೆಗೆದು ಒಳಗೆ ಹೋಗು, ನಿನ್ನ ಉಪಕರಣ ತೋರಿಸು, ಎಲ್ಲ ಒಂದೇ ಉಸಿರಿನಲ್ಲಿ, ಕತ್ತರಿಸದೆ. ಕಳೆದ ವರ್ಷ ಒಬ್ಬರದ್ದು ಎರಡು ಸಲ ತಿರಸ್ಕೃತವಾಯಿತು. ಕಾರಣ, ಬೋರ್ಡಿನ ಮುಂದೆ ಸೊಪ್ಪಿನ ಗಾಡಿ ನಿಂತಿತ್ತು. ಮೂರನೇ ಸಲ ಸೊಪ್ಪಿನವಳಿಗೆ ಟೀ ಕುಡಿಸಿ ಗಾಡಿ ಸರಿಸಿದೆವು.

ಇವರು ಮಿಕ್ಸಿ, ಗ್ರೈಂಡರ್ ರಿಪೇರಿಯವರು. ಶ್ರೀನಗರದ ಕಡೆಯ ಒಂದು ಅಡ್ಡರಸ್ತೆ, ಒಂದು ಶಟರಿನ ಅಂಗಡಿ. ಜಾರಿನ ಬುಷ್ ಸವೆದು ನೀರು ಸೋರುತ್ತದಲ್ಲ, ಅದನ್ನು ಕಾಲು ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರೆ. ಕಪ್ಲರ್ ಬದಲಾವಣೆ, ಕಾರ್ಬನ್ ಬ್ರಷ್, ಬ್ಲೇಡ್ ಸಾಣೆ ಎಲ್ಲ ಅಲ್ಲೇ. ಸುತ್ತಲಿನ ಮನೆಗಳಿಗೆ ಗೊತ್ತು. ಅರ್ಧ ಕಿಲೋಮೀಟರ್ ಆಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನವರಿಗೆ ಗೊತ್ತಿಲ್ಲ. ‘ಸಾರ್, ನಾನು ಹುಡುಕಿದ್ರೆ ನಂದೇ ಫಸ್ಟ್ ಬರುತ್ತೆ, ಆದ್ರೆ ಒಂದು ಫೋನೂ ಬರಲ್ಲ’ ಅಂದರು ಯಜಮಾನರು. ಬರದೆ ಏನು ಮಾಡುತ್ತದೆ? ಅಂಗಡಿಯಲ್ಲೇ ಕೂತು ಹುಡುಕಿದರೆ ಅಂಗಡಿಯೇ ಎಲ್ಲಕ್ಕಿಂತ ಹತ್ತಿರ. ಅವರನ್ನು ಸ್ಕೂಟರಿನಲ್ಲಿ ಆ ಅಪಾರ್ಟ್‌ಮೆಂಟಿನ ಗೇಟಿನವರೆಗೂ ಕರೆದುಕೊಂಡು ಹೋಗಿ ಅಲ್ಲಿ ಹುಡುಕಿಸಿದೆ. ಪಟ್ಟಿಯಲ್ಲಿ ಇವರ ಸುಳಿವೇ ಇರಲಿಲ್ಲ.

ಗೂಗಲ್ ತಾನೇ ಹೇಳಿಕೊಂಡಿರುವಂತೆ ಸ್ಥಳೀಯ ಹುಡುಕಾಟದಲ್ಲಿ ಮೂರು ಸಂಗತಿ ನೋಡುತ್ತದೆ. ಕೇಳಿದ್ದಕ್ಕೂ ಅಂಗಡಿಗೂ ಹೊಂದಿಕೆ ಇದೆಯೇ, ಎಷ್ಟು ದೂರ, ಎಷ್ಟು ಹೆಸರುವಾಸಿ. ದುಡ್ಡು ಕೊಟ್ಟು ಈ ಕ್ರಮ ಬದಲಾಯಿಸಲು ಬರುವುದಿಲ್ಲ ಎಂದೂ ಹೇಳಿದೆ. ಜಾಹೀರಾತು ಬೇರೆ, ಅದರ ಮೇಲೆ ಜಾಹೀರಾತು ಎಂದೇ ಬರೆದಿರುತ್ತದೆ. ಮೊದಲು ಏಳು ಅಂಗಡಿ ತೋರಿಸುತ್ತಿದ್ದ ಜಾಗದಲ್ಲಿ 2015ರಿಂದ ಮೂರೇ ತೋರಿಸುತ್ತಾರೆ, ಅದಕ್ಕೇ ಈ ಪೈಪೋಟಿ. ದೂರವನ್ನು ನಾವು ಬದಲಿಸಲಾರೆವು. ಉಳಿದ ಎರಡರಲ್ಲಿ ಕೆಲಸವಿದೆ.

ಇವರ ಪುಟ ತೆರೆದರೆ ವರ್ಗ ‘ಎಲೆಕ್ಟ್ರಾನಿಕ್ಸ್ ಮಳಿಗೆ’ ಎಂದಿತ್ತು. ಟಿವಿ ಮಾರುವವರ ಸಾಲಿನಲ್ಲಿ ಮಿಕ್ಸಿ ರಿಪೇರಿಯವರು ಎಲ್ಲಿ ಮೇಲೆ ಬರಬೇಕು? ಅದನ್ನು ಗೃಹೋಪಯೋಗಿ ಉಪಕರಣಗಳ ರಿಪೇರಿ ಎಂದು ಬದಲಿಸಿದೆವು. ಒಂದು ನಿಮಿಷದ ಕೆಲಸ. ಇಡೀ ವ್ಯವಹಾರದಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ನಿಮಿಷವನ್ನು ನಾನು ಕಂಡಿಲ್ಲ. ನಕ್ಷೆಯ ಗುರುತು ಹಿಂದಿನ ರಸ್ತೆಯ ಚರಂಡಿ ಮೇಲಿತ್ತು, ಎಳೆದು ಶಟರಿನ ಮುಂದೆ ತಂದೆವು. ಸೇವೆಗಳ ಪಟ್ಟಿಯಲ್ಲಿ ಬುಷ್, ಕಪ್ಲರ್, ಬ್ಲೇಡ್ ಎಂದು ಒಂದೊಂದಾಗಿ ಬರೆದೆವು. ಇದ್ದ ಏಕೈಕ ಫೋಟೊದಲ್ಲಿ ಹಳೆಯ ಇಂಗ್ಲಿಷ್ ಬೋರ್ಡು. 2024ರಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂದು ಕಾಯ್ದೆ ತಿದ್ದುಪಡಿಯಾದ ಮೇಲೆ ಇವರು ಬೋರ್ಡು ಬದಲಿಸಿದ್ದರು. ಫೋಟೊ ನೋಡಿಕೊಂಡು ಬಂದವರು ಅಂಗಡಿಯ ಮುಂದೆಯೇ ನಿಂತು ಅಂಗಡಿ ಎಲ್ಲಿ ಎಂದು ಫೋನ್ ಮಾಡುತ್ತಿದ್ದರಂತೆ. ತಿಪಟೂರು, ಅರಸೀಕೆರೆಯಂಥ ಊರುಗಳಲ್ಲಾದರೆ ಇಷ್ಟು ಮಾಡಿದರೆ ಬೇಕಾದಷ್ಟಾಯಿತು, ಅಲ್ಲಿ ಪೈಪೋಟಿ ಕಡಿಮೆ. ಬೆಂಗಳೂರಿನಲ್ಲಿ ಇಲ್ಲಿಂದ ಮುಂದೆಯೇ ಗಲಾಟೆ.

ಇವರ ಮೇಲಿದ್ದ ಅಂಗಡಿಯೊಂದರ ಹೆಸರು ನಕ್ಷೆಯಲ್ಲಿ ರೈಲಿನಷ್ಟು ಉದ್ದ. ಅಂಗಡಿಯ ಹೆಸರಿನ ಹಿಂದೆ ಬೆಸ್ಟ್ ಮಿಕ್ಸರ್ ಗ್ರೈಂಡರ್ ರಿಪೇರಿ, ಕುಕ್ಕರ್ ರಿಪೇರಿ, ಸ್ಟೌ ರಿಪೇರಿ, ಬಡಾವಣೆಯ ಹೆಸರು, ಪಕ್ಕದ ಬಡಾವಣೆಯ ಹೆಸರು. ಬೋರ್ಡಿನಲ್ಲಿರುವ ಹೆಸರಿಗಿಂತ ಒಂದಕ್ಷರ ಹೆಚ್ಚು ಸೇರಿಸುವುದೂ ನಿಯಮಕ್ಕೆ ವಿರುದ್ಧ. ಕಿರಿಕಿರಿಯ ಸಂಗತಿ ಎಂದರೆ, ಅದು ಕೆಲಸ ಮಾಡುತ್ತದೆ. ಯಾರಾದರೂ ದೂರು ಕೊಟ್ಟು ಪುಟ ಅಮಾನತಾಗುವವರೆಗೂ ಚೆನ್ನಾಗಿಯೇ ಮಾಡುತ್ತದೆ. ಎ ಒನ್ ಇಟ್ಟುಕೊಂಡವನ ಬುದ್ಧಿ ಎಲ್ಲಿಗೂ ಹೋಗಿಲ್ಲ. ಅವನು ಪಾಪ, ಬೋರ್ಡಿನಲ್ಲಾದರೂ ಅದನ್ನೇ ಬರೆಸಿದ್ದ.

ವೇಳೆಯಲ್ಲೂ ಇದೇ ಆಟ. ಹುಡುಕುವ ಹೊತ್ತಿಗೆ ತೆರೆದಿರುವ ಅಂಗಡಿಗೆ ಹೆಚ್ಚು ಆದ್ಯತೆ ಕೊಡುತ್ತಿದ್ದೇವೆ ಎಂದು ಗೂಗಲ್ 2023ರ ಕೊನೆಗೆ ಒಪ್ಪಿಕೊಂಡಿತು. ಒಪ್ಪಿದ್ದೇ ತಡ, ಕೀಲಿಕೈ ಅಂಗಡಿ, ಪಂಕ್ಚರ್ ಅಂಗಡಿ ಎಲ್ಲವೂ 24 ಗಂಟೆ. ರಾತ್ರಿ ಹನ್ನೊಂದಕ್ಕೆ ಹೋಗಿ ಮುಚ್ಚಿದ ಶಟರ್ ನೋಡಿ ಬಂದವನು ಒಂದು ಚುಕ್ಕಿ ಒತ್ತಿ ಮಲಗುತ್ತಾನೆ. ನಮ್ಮ ಮಿಕ್ಸಿಯವರು ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಮನೆಗೆ ಹೋಗಿ ನಾಲ್ಕಕ್ಕೆ ಬರುವವರು. ಅದನ್ನೇ ಹಾಗೇ ಬರೆಯಿರಿ ಎಂದೆ. ‘ಜನ ಏನಂದ್ಕೊಳ್ತಾರೆ ಸಾರ್?’ ಅಂದರು. ಊಟ ಮಾಡ್ತಾರೆ ಅಂದ್ಕೊಳ್ತಾರೆ, ಬಿಡಿ.

ಚುಕ್ಕಿಗಳ ವಿಷಯ ಇನ್ನೂ ಹೊಲಸು. ಐದು ಚುಕ್ಕಿ ಕೊಟ್ಟರೆ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಕಡಿತ ಎಂದು ಕೌಂಟರಿನಲ್ಲೇ ಅಂಟಿಸಿರುವ ಅಂಗಡಿಗಳಿವೆ. ಅದು ನಿಷಿದ್ಧ. ದುಡ್ಡಿಗೆ ಗಂಟುಗಟ್ಟಲೆ ಹೊಗಳಿಕೆ ಮಾರುವವರೂ ಇದ್ದಾರೆ. ಒಂದೇ ರಾತ್ರಿಯಲ್ಲಿ ನಲವತ್ತು ಜನ ‘ಗುಡ್ ಸರ್ವೀಸ್’ ಎಂದು ಬರೆದಿದ್ದರೆ ಯಾರಿಗೆ ತಿಳಿಯುವುದಿಲ್ಲ? ಸರ್ಕಾರದ ಕಡೆಯಿಂದ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿತು. ಪಾಲಿಸುವುದು ಐಚ್ಛಿಕ, ಆದ್ದರಿಂದ ಅಡ್ಡರಸ್ತೆಯವರೆಗೆ ಅದರ ಬಿಸಿ ತಟ್ಟಿದ್ದನ್ನು ನಾನು ನೋಡಿಲ್ಲ. ನಾನು ಹೇಳುವುದು ಇಷ್ಟೇ: ರಿಪೇರಿಯಾದ ಜಾರ್ ಕೈಗೆ ಕೊಡುವಾಗ ಕೇಳಿ, ಏನು ಕೆಟ್ಟಿತ್ತು ಅಂತ ಒಂದು ಸಾಲು ಬರೆಯಿರಿ ಅಂತ. ಮಿಕ್ಕವರು ಹುಡುಕುವ ಮಾತುಗಳೇ ಆ ಸಾಲಿನಲ್ಲಿ ತಾವಾಗಿ ಬಂದಿರುತ್ತವೆ. ಬೈದು ಬರೆದವರಿಗೂ ಉತ್ತರ ಕೊಡಿ, ವಾದ ಬೇಡ. ಉತ್ತರವನ್ನು ಓದುವವನು ಬೈದವನಲ್ಲ, ಮುಂದಿನ ಗಿರಾಕಿ.

ಇದರ ನಡುವೆ ವಾರಕ್ಕೊಂದು ಕರೆ. ‘ಗೂಗಲ್‌ನಿಂದ ಮಾತಾಡ್ತಾ ಇದೀವಿ, ನಂಬರ್ ಒನ್ ಮಾಡ್ಕೊಡ್ತೀವಿ, ಇವತ್ತೇ ದುಡ್ಡು ಕಟ್ಟಿದ್ರೆ ಅರ್ಧ ರೇಟು.’ ಅವರ ಧಾಟಿ ಕೇಳಿದರೆ ನನಗೆ ನಮ್ಮ ಹಳೆಯ ಮ್ಯಾನೇಜರೇ ಮಾತಾಡಿದಂತಾಗುತ್ತದೆ. ವ್ಯತ್ಯಾಸವೆಂದರೆ ನಮ್ಮ ಪುಸ್ತಕ ಕಡೆಗೆ ಅಚ್ಚಾಗಿ ಕೈಗೆ ಬರುತ್ತಿತ್ತು.

ಎರಡು ತಿಂಗಳಿಗೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹುಡುಕಿದರೆ ನಮ್ಮವರು ಮೂರರೊಳಗೆ ಬಂದರು, ಮೂರನೆಯವರಾಗಿ. ಎರಡನೆಯದು ಆ ರೈಲು ಹೆಸರಿನದು. ಮೊದಲನೆಯದರ ಬಗ್ಗೆ ಹೇಳಬೇಕಾದರೆ ಒಂದು ಹಿಂದಿನ ಸಂಗತಿ ಹೇಳಬೇಕು. ನಾನು ಕೈ ಹಾಕುವ ಮೊದಲು ನಮ್ಮ ಮಿಕ್ಸಿಯವರ ಪುಟದ ಮಾಲೀಕತ್ವವೇ ಇವರ ಹತ್ತಿರ ಇರಲಿಲ್ಲ. ಯಾರ ಜಿಮೇಲ್ ಎಂದರೆ ಇವರಿಗೆ ಗೊತ್ತಿಲ್ಲ. ಹಕ್ಕು ಕೇಳಿ ಅರ್ಜಿ ಹಾಕಿದರೆ ಈಗಿರುವ ಮಾಲೀಕನಿಗೆ ಉತ್ತರಿಸಲು ಮೂರು ದಿನ ಕೊಡುತ್ತಾರೆ. ಎರಡನೇ ದಿನ ಒಪ್ಪಿಗೆ ಬಂತು, ಜತೆಗೆ ಒಂದು ಫೋನು. ಆರೇಳು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ, ಬಿಡುವಿನಲ್ಲಿ ಕೂತು ತನ್ನ ಮೊಬೈಲಿನಿಂದ ಅಂಗಡಿಯನ್ನು ನಕ್ಷೆಗೆ ಏರಿಸಿದ್ದ. ಈಗ ಎರಡು ಕ್ರಾಸ್ ಆಚೆ ಅವನದೇ ಅಂಗಡಿ. ಆ ಮೊದಲನೆಯದು ಅವನದು.

‘ಅವನು ಬರ್ಲಿ ಬಿಡಿ’ ಅಂದರು ಯಜಮಾನರು, ಜಾರಿನ ಬುಷ್ ಬಡಿದು ಕೂರಿಸುತ್ತ. ‘ಆ ರೈಲಿನವನನ್ನ ಕೆಳಗೆ ಇಳಿಸೋದು ಹೇಗೆ, ಅದು ಹೇಳಿ.’