ಜನರಿಲ್ಲದ ಕಾಡಿನ ಆಸೆ

ಕುದುರೆಮುಖದ ದಾರಿಯಲ್ಲಿ ಎದುರಿಗೆ ಚಾರಣಿಗರ ಗುಂಪು ಬಂದರೆ ನನ್ನ ಮನಸ್ಸು ಮುದುಡುತ್ತದೆ. ಅವರು ಗಲಾಟೆ ಮಾಡಬೇಕೆಂದೇನಿಲ್ಲ, ಇದ್ದರೆ ಸಾಕು. ಕಾಡು ನನಗೊಬ್ಬನಿಗೇ ಸಿಗಬೇಕೆನ್ನುವ ಈ ಆಸೆಯನ್ನು ಪ್ರಕೃತಿಪ್ರೇಮ ಎಂದು ಕರೆದುಕೊಂಡು ಸುಮ್ಮನಿದ್ದುಬಿಡಬಹುದು. ಆದರೆ ಆ ಪ್ರೀತಿಯೊಳಗೆ ಒಡೆತನದ ಎಳೆಯೊಂದು ಸೇರಿಕೊಂಡಿದೆ. ಅದನ್ನು ಬಿಡಿಸಿ ನೋಡಬೇಕೆಂದು ಈಚೆಗೆ ಬಹಳ ಅನ್ನಿಸುತ್ತಿದೆ.

ಹಾಗೆಂದು ಪ್ರೀತಿ ಸುಳ್ಳಲ್ಲ. ಮುಳ್ಳೋಡಿಯಿಂದ ಹತ್ತುವ ದಾರಿ ಹಳ್ಳಗಳನ್ನು ದಾಟಿ, ಶೋಲಾ ಕಾಡಿನ ನೆರಳಿನಲ್ಲಿ ನುಸುಳಿ, ಇದ್ದಕ್ಕಿದ್ದಂತೆ ಹುಲ್ಲಿನ ಇಳಿಜಾರಿಗೆ ತಂದು ಬಿಡುತ್ತದೆ. ಮಳೆ ಬಿಟ್ಟ ಮೇಲೂ ಇಂಬಳ ಕಾಲು ಬಿಡುವುದಿಲ್ಲ. ಮಂಜು ಸರಿದ ಕಡೆಯೆಲ್ಲ ಬೆಟ್ಟದ ಹಿಂದೆ ಬೆಟ್ಟ. ಗಾಳಿಯ ಹೊಡೆತ ತಪ್ಪಿ ತೇವ ಉಳಿಯುವ ಮಡಿಲುಗಳಲ್ಲಿ ಶೋಲಾ, ತೆರೆದ ಮೈಯೆಲ್ಲ ಹುಲ್ಲು. ಇವೆರಡೂ ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಸಾಲಿನಲ್ಲಿದೆ. ಮಳೆಕಾಡಿನ ಎತ್ತರದ ಕೊಂಬೆಗಳಲ್ಲಿ ಸಿಂಗಳೀಕ ಬದುಕುತ್ತದೆ: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಅದು ನೆಲಕ್ಕಿಳಿಯುವುದು ಅಪರೂಪ, ಹಾಗಾಗಿ ಮರಕ್ಕೆ ಮರ ತಾಗಿಕೊಂಡೇ ಇರಬೇಕು. ಕಾಡು ತುಂಡಾದರೆ ಅದರ ಬದುಕೂ ತುಂಡಾಗುತ್ತದೆ.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದಾಗ ಇಲ್ಲಿ ಕಬ್ಬಿಣದ ಗಣಿಯೂ ನಡೆದಿತ್ತು. ಅದಿರನ್ನು ಅರೆದು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನ ಕಡಲತೀರಕ್ಕೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಳ್ಳುತ್ತಿತ್ತು. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪ ಹೂಡಿದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಅದಕ್ಕೆ ನಾನು ಮನಸಾರೆ ಸಂತೋಷಪಟ್ಟವನು, ಇಂದಿಗೂ ಅದು ಸರಿಯೆಂದೇ ನಂಬಿದವನು. ಗಣಿ ಕಂಪನಿ ಹೋಗಬೇಕಿತ್ತು.

ಆದರೆ ಇದೇ ಉದ್ಯಾನದ ಒಳಗೂ ಅಂಚಿಗೂ ಮಲೆಕುಡಿಯರಿದ್ದಾರೆ. ತುಳು ಮಾತನಾಡುವ, ಜೇನು, ಸೀಗೆಯಂಥ ಕಾಡುತ್ಪನ್ನಗಳ ಜೊತೆ ತಲೆಮಾರುಗಳಿಂದ ಬದುಕು ಕಟ್ಟಿಕೊಂಡ ಜನ. ಗದ್ದೆ ತೋಟ ಮಾಡಿಕೊಂಡ ಇತರ ಕುಟುಂಬಗಳೂ ಇವೆ. ಪರಿಹಾರ ಪಡೆದು ಕೆಲವರು ಹೊರಗೆ ಹೋಗಿದ್ದಾರೆ, ಕೆಲವರು ಹೋಗಲೊಲ್ಲೆವೆಂದು ಉಳಿದಿದ್ದಾರೆ. ಗಣಿಗೆ ಹೇಳಿದ ‘ಬೇಡ’ವನ್ನೇ ಇವರ ಗದ್ದೆಗೂ ಹೇಳಲು ನನ್ನ ಮನಸ್ಸು ಹವಣಿಸುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ. ಬೆಟ್ಟವನ್ನೇ ಅಗೆದು ಸಾಗಿಸುವುದಕ್ಕೂ ಹಳ್ಳದ ಪಕ್ಕ ನಾಲ್ಕು ಸಸಿ ನೆಡುವುದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?

ಶಿಖರದ ದಾರಿಯಲ್ಲಿ ಲೋಬೋ ಮನೆ ಎಂದು ಕರೆಯುವ ಪಾಳುಗೋಡೆಗಳಿವೆ. ಸೂರಿಲ್ಲದ ಆ ಗೋಡೆಗಳು ಚೆಲುವಾಗಿ ಕಾಣುತ್ತವೆ. ಅಲ್ಲಿ ಕೂತು ಬುತ್ತಿ ಬಿಚ್ಚುವುದು ಎಷ್ಟೋ ಜನರಿಗೆ ಹಿತ, ನನಗೂ ಹಿತ. ಯಾರೋ ಒಲೆ ಹಚ್ಚಿದ್ದ, ಮಳೆಗಾಲಕ್ಕೆ ಸೌದೆ ಒಟ್ಟಿದ್ದ ಜಾಗ ಅದು. ಪಾಳುಬಿದ್ದ ಮನೆಯನ್ನು ಪರಂಪರೆ ಎಂದು ಮೆಚ್ಚುವ ಕಣ್ಣು, ಹೊಗೆಯಾಡುವ ಮನೆಯನ್ನು ಅತಿಕ್ರಮಣ ಎಂದು ನೋಡುತ್ತದೆ. ಆ ಕಣ್ಣು ನನ್ನದೇ. ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕುದುರೆಮುಖವೂ ಸೇರಿತು. ಆ ಹೆಮ್ಮೆಯಲ್ಲಿ ಇಲ್ಲಿನ ಮನೆಗಳನ್ನು ನಾನು ನೆನೆದಿರಲೇ ಇಲ್ಲ.

ನಾನು ಹಣ ಕಟ್ಟಿ ಚೀಟಿ ಪಡೆದು ಬರುವವನು, ಸಂಜೆಯೊಳಗೆ ಇಳಿದು ಹೋಗುವವನು. ನನ್ನನ್ನು ಮೇಲಕ್ಕೆ ಕರೆದೊಯ್ಯುವ ಹುಡುಗ ಊರಿನವನೇ. ಕಡವೆಯ ಹೆಜ್ಜೆ, ಕಾಟಿಯ ಸಗಣಿ, ದಾಟಬಾರದ ಹಳ್ಳ ಎಲ್ಲ ಅವನಿಗೆ ಗೊತ್ತು. ಅವನ ತಿಳಿವಳಿಕೆ ಬೇಕು, ಅವನ ಊರು ಬೇಡ ಎನ್ನುವ ನ್ಯಾಯ ಹೇಗಾದೀತು?

ಹೊರಡಲು ಒಪ್ಪಿದವರಿಗೆ ಪರಿಹಾರ ಪೂರ್ತಿ ಕೈಸೇರಲಿ. ಉಳಿಯುವವರಿಗೆ ಕರೆಂಟು ಬರಲಿ, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಲು ಹಳ್ಳಕ್ಕೊಂದು ಕಾಲುಸಂಕ ಬರಲಿ. ಇದನ್ನು ನಾನು ಬಹಿರಂಗವಾಗಿಯೇ ಹೇಳುತ್ತೇನೆ. ಆದರೂ ಶೋಲಾದ ಅಂಚಿನಲ್ಲಿ ವಿದ್ಯುತ್ ಕಂಬ ಕಂಡ ಕೂಡಲೇ ಎದೆಯಲ್ಲಿ ಏನೋ ಚುಚ್ಚುತ್ತದೆ. ಆ ಚುಚ್ಚುವಿಕೆ ಸಿಂಗಳೀಕದ ಸಲುವಾಗಿಯೋ, ನನ್ನ ನೋಟಕ್ಕೆ ಅಡ್ಡ ಬಂತೆಂದೋ, ಇನ್ನೂ ಬಗೆಹರಿದಿಲ್ಲ.